ಹೊಗೆಸೊಪ್ಪಿನ ಕಥೆ: ಸೇದಿದವರು ಯಾರು, ಬಿಟ್ಟವರು ಯಾರು

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನೀವೂ ಏನಾದರೂ ಬರೆದುಕೊಡಬೇಕು ಎಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು ನಾನು, ಬರವಣಿಗೆ ನನ್ನ ಕಸುಬಲ್ಲ. ಸಂಘ ಬೆಳೆದುಬಂದ ದಾರಿ, ಸಾಲ ವಸೂಲಾತಿ, ಗೊಬ್ಬರದ ವ್ಯವಹಾರ ಇವನ್ನೆಲ್ಲ ತಿಳಿದವರು ಆಗಲೇ ಬರೆದಿದ್ದಾರೆ. ಹಾಗಾದರೆ ನನಗೆ ಉಳಿದದ್ದೇನು ಎಂದು ಯೋಚಿಸುತ್ತಾ ಬ್ಯಾರನ್ ಮುಂದೆ ಕೂತಿದ್ದಾಗ ಹೊಳೆದದ್ದು ಈ ವಿಷಯ. ಹುಣಸೂರು, ಪಿರಿಯಾಪಟ್ಟಣದ ಈ ಸೀಮೆಯಲ್ಲಿ ಹೊಗೆಸೊಪ್ಪು ಗೊತ್ತಿಲ್ಲದ ಮನೆ ಇಲ್ಲ. ನಾಟಿ ಯಾವಾಗ, ಸೊಪ್ಪು ಮುರಿಯುವುದು ಯಾವಾಗ, ಹರಾಜಿನಲ್ಲಿ ರೇಟು ಎಷ್ಟು ಹೋಯಿತು ಎಂದು ಮಗುವೂ ಹೇಳುತ್ತದೆ. ಆದರೆ ಈ ಸೊಪ್ಪಿನ ಹೊಗೆಯನ್ನು ಕುಡಿಯುವವರು ಯಾರು, ಹಿಂದೆ ಯಾರು ಕುಡಿಯುತ್ತಿದ್ದರು, ಈಗ ಯಾರು ಬಿಟ್ಟಿದ್ದಾರೆ, ಯಾರು ಬಿಡಲಾಗದೆ ಉಳಿದಿದ್ದಾರೆ ಎಂದು ನಾವು ಕೂತು ಮಾತಾಡಿದವರಲ್ಲ. ಅದಕ್ಕೂ ಒಂದು ಚರಿತ್ರೆ ಇದೆ. ಓದಿ, ಕೇಳಿ ತಿಳಿದುಕೊಂಡಷ್ಟನ್ನು, ಕಣ್ಣಾರೆ ಕಂಡಷ್ಟನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಸದಸ್ಯ ಬಂಧುಗಳು ತಿದ್ದಬೇಕು.

ಹೊಗೆಸೊಪ್ಪು ನಮ್ಮ ನೆಲದ ಗಿಡ ಅಲ್ಲವೇ ಅಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಏರಿ ಬಂದದ್ದು. ಮೆಣಸಿನಕಾಯಿಯೂ ಹಾಗೆಯೇ ಬಂದದ್ದು ಅಂತ ಮೇಷ್ಟ್ರು ಹೇಳಿದಾಗ ಶಾಲೆಯಲ್ಲಿ ನಾವ್ಯಾರೂ ನಂಬಿರಲಿಲ್ಲ, ಅದು ಬೇರೆ ಮಾತು. ಈ ಸೊಪ್ಪು ಉತ್ತರ ಹಿಂದೂಸ್ತಾನದ ಬಾದಶಹನ ಆಸ್ಥಾನಕ್ಕೆ ಹೋದದ್ದು ನಮ್ಮ ಕರ್ನಾಟಕದಿಂದಲೇ. ಅಕ್ಬರನ ಕಡೆಯ ಅಸದ್ ಬೇಗ್ ಎಂಬ ಅಧಿಕಾರಿ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ. ಆಗ ಅಲ್ಲಿ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆ. ಆಗ್ರಾದಲ್ಲಿ ಕಾಣದಿದ್ದ ಈ ಹೊಸ ಸೊಪ್ಪನ್ನು ವಿಜಾಪುರದಲ್ಲಿ ಕಂಡು, ರತ್ನ ಕೂರಿಸಿದ ಸೊಗಸಾದ ಕೊಳವೆಯ ಜೊತೆಗೆ ಅದನ್ನು ಕೊಂಡು ಹೋಗಿ, 1604-05ರ ಸುಮಾರಿಗೆ ಅಕ್ಬರನ ಮುಂದೆ ಇಟ್ಟ. ಬಾದಶಹ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ. ಆಸ್ಥಾನದ ವೈದ್ಯ ಬೇಡವೆಂದ. ಅಕ್ಬರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ, ಆದರೆ ಅಮೀರ ಉಮರಾವರೆಲ್ಲ ನನಗೆ ನನಗೆ ಎಂದು ಮುಗಿಬಿದ್ದರು. ವ್ಯಾಪಾರಿಗಳು ತರಿಸಿ ಮಾರಲು ಶುರುಮಾಡಿದರು. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ಸೇದಬಾರದೆಂದು ಆಜ್ಞೆ ಹೊರಡಿಸಿದ. ಯಾರು ಕೇಳಿದರು? ಆ ಶತಮಾನ ಮುಗಿಯುವುದರೊಳಗೆ ರೈತರೇ ಹೊಲದಲ್ಲಿ ಬೆಳೆದುಕೊಳ್ಳುವಂತಾಯಿತು. ಅಂದರೆ ಮೊದಲು ಸೇದಿದವರು ಶ್ರೀಮಂತರು. ಬಡವನ ಕೈಗೆ ಬಂದದ್ದು ಆಮೇಲೆ.

ಆಮೇಲಿನ ಇನ್ನೂರು ಮುನ್ನೂರು ವರ್ಷ ಸೇದುವ ಸಾಧನದಲ್ಲೇ ಅಂತಸ್ತು ಇತ್ತು. ಸಾಹುಕಾರನಿಗೆ ಗುಡಗುಡಿ, ಅದನ್ನು ತುಂಬಿಸಿ ಕೆಂಡ ಇಟ್ಟುಕೊಡಲು ಒಬ್ಬ ಆಳು. ಕೂಲಿಯವನಿಗೆ ಮಣ್ಣಿನ ಚಿಲುಮೆ ಅಥವಾ ಸೊಪ್ಪನ್ನೇ ಸುತ್ತಿದ ಚುಟ್ಟ. ನಮ್ಮ ಕಡೆ ಹೆಂಗಸರು ಸೇದುತ್ತಿದ್ದುದು ಕಡಿಮೆ, ಅವರದ್ದು ಎಲೆ ಅಡಿಕೆ ಜೊತೆಗೆ ಹೊಗೆಸೊಪ್ಪು. ನನ್ನ ಅಜ್ಜಿಯ ಸೊಂಟದ ಚೀಲದಲ್ಲಿ ದುಡ್ಡು ಇರುತ್ತಿತ್ತೋ ಇಲ್ಲವೋ, ಕಡ್ಡಿಪುಡಿ ಮಾತ್ರ ತಪ್ಪದೆ ಇರುತ್ತಿತ್ತು. ಆಂಧ್ರದ ಕರಾವಳಿ ಕಡೆ ಮಾತ್ರ ಹೆಂಗಸರೂ ಚುಟ್ಟ ಸೇದುತ್ತಿದ್ದರು, ಅದೂ ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು. ಅದರಿಂದ ಬಾಯಿಯ ಅಂಗುಳಿನಲ್ಲಿ ಕ್ಯಾನ್ಸರ್ ಆಗುತ್ತದೆಂದು ವೈದ್ಯರು ಬರೆದಿದ್ದಾರೆ.

ಬೀಡಿ ಬಂದ ಮೇಲೆ ಲೆಕ್ಕವೇ ಬದಲಾಯಿತು. ಗುಜರಾತ್ ಮತ್ತು ಮಧ್ಯಪ್ರದೇಶದ ಜಬಲ್ಪುರದ ಕಡೆ, 1900ರ ಆಸುಪಾಸಿನಲ್ಲಿ, ಕಾಡಿನ ಎಲೆಯಲ್ಲಿ ಚೂರು ತಂಬಾಕು ಸುತ್ತಿ ಮಾರುವುದು ಒಂದು ಕೈಗಾರಿಕೆಯೇ ಆಯಿತು. ಯಂತ್ರ ಬೇಡ, ಕಾಗದ ಬೇಡ. ಎಲೆ, ಕತ್ತರಿ, ದಾರ, ಒಂದು ಮೊರ ಇದ್ದರೆ ಸಾಕು. ಅದೇ ಕಾಲಕ್ಕೆ ಸ್ವದೇಶಿ ಚಳವಳಿ ಬಂತು. ವಿಲಾಯತಿ ಸಿಗರೇಟನ್ನು ಬಿಸಾಕಿ ಓದಿದವರೂ ಬೀಡಿ ಹಿಡಿದರು. ದೇಶಭಕ್ತಿಗಾಗಿ ಬೀಡಿ ಸೇದಿದ ಕಾಲವೊಂದು ಇತ್ತೆಂದರೆ ಇವತ್ತಿನ ಹುಡುಗರು ನಕ್ಕಾರು. 1920ರ ದಶಕದಲ್ಲಿ ಶಿವಕಾಶಿಯ ಬೆಂಕಿಪೊಟ್ಟಣವೂ ಬಂತು. ಚಕಮಕಿ ಕಲ್ಲು ಉಜ್ಜುವ, ಒಲೆಯ ಕೆಂಡ ಹುಡುಕುವ ಪಾಡು ತಪ್ಪಿ ಎಲ್ಲಿ ಬೇಕೆಂದರೆ ಅಲ್ಲಿ ಹೊತ್ತಿಸುವಂತಾಯಿತು.

ಮಂಗಳೂರು ಬೀಡಿಯ ಊರಾಯಿತು. ಅಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಜಗಲಿಯ ಮೇಲೆ ಹೆಂಗಸರು ಬೀಡಿ ಕಟ್ಟಿದರು. ಕಂಟ್ರಾಕ್ಟರು ಎಲೆ, ತಂಬಾಕು ತೂಗಿ ಕೊಡುತ್ತಾನೆ, ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಕಟ್ಟಿದ ಬೀಡಿಯಲ್ಲಿ ಒಂದಷ್ಟನ್ನು ಸರಿ ಇಲ್ಲ ಎಂದು ತೆಗೆದು ಬಿಸಾಕುವುದೂ ಉಂಟು. ಅಕ್ಕ ತಂಗಿಯರ ಮದುವೆ, ಮಕ್ಕಳ ಓದು ಎಲ್ಲ ಆ ದುಡ್ಡಿನಿಂದಲೇ ಆಗಿದೆ, ಅದನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಬೀಡಿ ಕಟ್ಟಿದ ಆ ಹೆಂಗಸು ಅದನ್ನು ಸೇದುವವಳಲ್ಲ. ಅವಳ ಪಾಲಿಗೆ ಬಂದದ್ದು ತಂಬಾಕಿನ ದೂಳು, ಬೆನ್ನು ನೋವು, ಗಂಡ ಸೇದಿ ಬಿಟ್ಟ ಹೊಗೆ.

ಬೀಡಿ ಕೆಲಸಗಾರರಿಗೆ ಕೆಲಸದ ಹೊತ್ತು, ರಜೆ ಮೊದಲಾದ ಸೌಲಭ್ಯ ಸಿಗಲೆಂದು 1966ರಲ್ಲಿ ಕೇಂದ್ರದಲ್ಲಿ ಕಾಯಿದೆ ಆಯಿತು. ಕೇರಳ ಸರ್ಕಾರ ಅದನ್ನು 1968ರಲ್ಲಿ ಜಾರಿ ಮಾಡಲು ಹೊರಟಾಗ, ಮಂಗಳೂರಿನ ಮಾಲೀಕರು ಕಣ್ಣೂರಿನ ಕಡೆ ಇದ್ದ ತಮ್ಮ ಬೀಡಿ ಶಾಖೆಗಳ ಬಾಗಿಲು ಹಾಕಿಬಿಟ್ಟರು. ಸುಮಾರು 12 ಸಾವಿರ ಜನ ಬೀದಿಗೆ ಬಿದ್ದರು. ಆಗ ಏನು ಮಾಡಿದರು ಗೊತ್ತೆ? ಸಹಕಾರ ಸಂಘ ಕಟ್ಟಿದರು. 1969ರಲ್ಲಿ ಹುಟ್ಟಿದ ಆ ಸಂಘವೇ ಕೇರಳ ದಿನೇಶ್ ಬೀಡಿ. ಬೀಡಿ ಕಟ್ಟುವವರೇ ಸದಸ್ಯರು, ಅವರೇ ಮಾಲೀಕರು. ಅಲ್ಲಿನ ಬೀಡಿ ಶೆಡ್ಡುಗಳಲ್ಲಿ ಒಬ್ಬ ಜೋರಾಗಿ ದಿನಪತ್ರಿಕೆ ಓದುವುದು, ಮಿಕ್ಕವರು ಕಟ್ಟುತ್ತಾ ಕೇಳುವುದು, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುವುದು ಎಂಬ ಪದ್ಧತಿ ಇತ್ತು. ಸೇದುವವರು ಕಡಿಮೆಯಾಗುತ್ತಿದ್ದಾರೆಂದು 1990ರ ದಶಕದ ಕೊನೆಯಲ್ಲಿ ತಾವೇ ಮನಗಂಡು, ಅದೇ ಸಂಘದವರು ಕೊಡೆ, ತಿಂಡಿ ಪದಾರ್ಥ ತಯಾರಿಸಲು ಇಳಿದರು. ಸಹಕಾರ ಸಂಘದ ನಿರ್ದೇಶಕನಾಗಿ ನನಗೆ ಇದು ದೊಡ್ಡ ಪಾಠವಾಗಿ ಕಾಣುತ್ತದೆ. ಇಳಿಯುತ್ತಿರುವ ವ್ಯಾಪಾರವನ್ನು ಇಳಿಯುವ ಮೊದಲೇ ಗುರುತಿಸುವುದು ಎಲ್ಲರಿಗೂ ಬರುವುದಿಲ್ಲ. ನಮಗೂ ಬಂದಿಲ್ಲ.

ಇನ್ನು ಸಿಗರೇಟಿನ ದಾರಿ ಬೇರೆ. ಇಂಪೀರಿಯಲ್ ಟೊಬ್ಯಾಕೊ ಕಂಪನಿ 1910ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಗುಂಟೂರಿನ ಸೀಮೆಯಲ್ಲಿ ಸೊಪ್ಪು ಬೆಳೆಸಿ, 1913ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಹಾಕಿದರು. ಬಿಳಿಯರು, ಆಫೀಸರುಗಳು, ವಕೀಲರು, ನಾಟಕ ಸಿನಿಮಾದವರು ಸಿಗರೇಟಿನವರಾದರು. ಪೇಟೆಯಿಂದ ಬಂದ ನೆಂಟರ ಜೇಬಿನಲ್ಲಿ ಕತ್ತರಿ ಮಾರ್ಕಿನ ಪ್ಯಾಕು, ಚಾರ್‌ಮಿನಾರ್ ಪ್ಯಾಕು ಕಂಡರೆ ಊರಿನಲ್ಲಿ ಅವರಿಗೊಂದು ತೂಕ. ನಮ್ಮ ಮಾವನವರೊಬ್ಬರು ಬೀಡಿಯನ್ನೇ ಸೇದುತ್ತಿದ್ದರೂ ಮದುವೆ ಮನೆಗೆ ಹೊರಟರೆ ಮಾತ್ರ ಒಂದು ಸಿಗರೇಟ್ ಪ್ಯಾಕು ಅಂಗಿಯ ಮೇಲುಜೇಬಿನಲ್ಲಿ ಕಾಣುವಂತೆ ಇಟ್ಟುಕೊಳ್ಳುತ್ತಿದ್ದರು. ಆ ಪ್ಯಾಕಿನ ಒಳಗೂ ಬೀಡಿಯೇ!

ನಮ್ಮ ಸೀಮೆಗೆ ವರ್ಜೀನಿಯ ಹೊಗೆಸೊಪ್ಪು ಬಂದು ಊರಿದ ಮೇಲೆ 1976ರ ಜನವರಿ 1ರಂದು ಕೇಂದ್ರದ ತಂಬಾಕು ಮಂಡಳಿ ಹುಟ್ಟಿತು, 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಪದ್ಧತಿ ಬಂತು. ಅದಕ್ಕೂ ಮುಂಚೆ ವ್ಯಾಪಾರಿ ಹೇಳಿದ್ದೇ ರೇಟು ಎಂದು ನಮ್ಮಪ್ಪ ಹೇಳುತ್ತಿದ್ದರು. ರಾಜ್ಯದ ಆ ತುದಿಯಲ್ಲಿ, ನಿಪ್ಪಾಣಿಯಲ್ಲಿ ಬೆಳೆಯುವುದು ಬೀಡಿ ತಂಬಾಕು. ಅಲ್ಲಿನ ರೈತರು 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕೂತರು, ಏಪ್ರಿಲ್‌ನಲ್ಲಿ ಗೋಲಿಬಾರಾಗಿ ರೈತರು ಪ್ರಾಣ ಕಳೆದುಕೊಂಡರು. ಇದನ್ನು ಯಾಕೆ ಹೇಳಿದೆನೆಂದರೆ, ನಾವು ಹುಣಸೂರು ಸೀಮೆಯವರು ಬೆಳೆದ ಸೊಪ್ಪು ಸಿಗರೇಟಿಗೆ ಹೋಗುತ್ತದೆ, ಬೇಲಾಗಿ ಹಡಗು ಹತ್ತಿ ಪರದೇಶಕ್ಕೂ ಹೋಗುತ್ತದೆ. ಆದರೆ ಬ್ಯಾರನ್ ಮುಂದೆ ರಾತ್ರಿಯೆಲ್ಲಾ ನಿದ್ದೆಗೆಟ್ಟು ಸೌದೆ ಹಾಕುವವನ ಬಾಯಲ್ಲಿ ಇರುವುದು ನಿಪ್ಪಾಣಿಯದೋ ಗುಜರಾತಿನದೋ ತಂಬಾಕಿನ ಬೀಡಿ. ತಾನು ಬೇಯಿಸಿದ ಸೊಪ್ಪಿನ ಸಿಗರೇಟು ಕೊಳ್ಳಲು ಅವನಿಗೆ ಕೈ ಓಡದು. ಭತ್ತ ಬೆಳೆದವನು ರಾಗಿ ಉಂಡ ಹಾಗೆ.

ಈಗ ಊರಿನೊಳಗಿನ ಮಾತಿಗೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನಾನು ಚಿಕ್ಕವನಿದ್ದಾಗ, ಅಂದರೆ 1980ರ ದಶಕದಲ್ಲಿ, ಹೊಲದ ಕೆಲಸಕ್ಕೆ ಬಂದ ಗಂಡಾಳುಗಳಿಗೆ ಕೂಲಿಯ ಜೊತೆ ಬೀಡಿ ಕೊಡುವುದು ರೂಢಿ. ನಾಟಿಯ ದಿನ ಅರ್ಧ ಕಟ್ಟು, ಬ್ಯಾರನ್ ತುಂಬುವ ದಿನ ಒಂದು ಕಟ್ಟು. ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ಹೆಣ್ಣಾಳುಗಳಿಗೆ ಎಲೆ ಅಡಿಕೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಎರಡು ಸಲ ಗಂಡಸರು ಬದುವಿನ ಮೇಲೆ ಕೂತು ಬೀಡಿ ಹೊತ್ತಿಸುತ್ತಿದ್ದರು. ಅದು ಅವರ ಹಕ್ಕು, ಯಾವ ಗೌಡನೂ ಎಬ್ಬಿಸುವಂತಿಲ್ಲ. ಹೆಂಗಸರಿಗೆ ಆ ಬಿಡುವು ಇಲ್ಲ, ಅವರು ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೈ ಓಡಿಸುತ್ತಲೇ ಇರಬೇಕು. ಬೀಡಿ ಸೇದದ ಒಬ್ಬ ಆಳು ನಮ್ಮಲ್ಲಿದ್ದ. ಅವನೂ ಮಿಕ್ಕವರ ಜೊತೆ ಹೋಗಿ ಕೂತಾಗ ನಮ್ಮ ದೊಡ್ಡಪ್ಪ, "ನೀನ್ಯಾಕ್ಲಾ ಕುಂತೆ, ನಿನ್ ಬಾಯಲ್ಲಿ ಬೀಡಿ ಎಲ್ಲೈತೆ?" ಎಂದು ಎಬ್ಬಿಸಿದರು. ಮುಂದಿನ ನಾಟಿ ಹೊತ್ತಿಗೆ ಅವನೂ ಸೇದಲು ಕಲಿತಿದ್ದ. ಐದು ನಿಮಿಷ ಕೂರುವುದಕ್ಕೆ ಅವನಿಗಿದ್ದ ದಾರಿ ಅದೊಂದೇ.

ಇನ್ನೊಂದು ಸಂಗತಿ. ಬೀಡಿ ಎಲ್ಲರದ್ದೂ ಒಂದೇ ಮಾರ್ಕು, ಬೆಂಕಿ ಮಾತ್ರ ಒಂದಲ್ಲ. ನಮ್ಮವರು ನಮ್ಮವರು ಬೀಡಿಯಿಂದ ಬೀಡಿಗೆ ಹೊತ್ತಿಸಿಕೊಳ್ಳುತ್ತಿದ್ದರು. ಕೇರಿಯಿಂದ ಬಂದವರಿಗೆ ಬೆಂಕಿಪೊಟ್ಟಣವನ್ನು ನೆಲಕ್ಕೆ ಎಸೆಯುತ್ತಿದ್ದರು, ಅವರು ಎತ್ತಿಕೊಂಡು ಗೀರಿ, ಮತ್ತೆ ನೆಲದ ಮೇಲೇ ಇಡಬೇಕು. ನಾನೂ ಹುಡುಗನಾಗಿ ಹಾಗೆ ಎಸೆದವನೇ. ಇವತ್ತು ಆ ಮನೆಯವರೊಬ್ಬರು ನಮ್ಮ ಸಂಘದ ಆಡಳಿತ ಮಂಡಳಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಅವರ ತಂದೆ ನಮ್ಮ ಬ್ಯಾರನ್‌ನಲ್ಲಿ ಹದಿನಾರು ವರ್ಷ ಸೌದೆ ಹಾಕಿದವರು, ಎದೆ ಕಾಯಿಲೆಯಲ್ಲಿ ತೀರಿಕೊಂಡರು. ಆ ಬೀಡಿ ಕಟ್ಟುಗಳನ್ನು ಅಂಗಡಿಯಿಂದ ತಂದುಕೊಡುತ್ತಿದ್ದವನು ನಾನು. ನಾವಿಬ್ಬರೂ ಇದನ್ನು ಒಂದು ಸಲ ಮಾತ್ರ ಮಾತಾಡಿದ್ದೇವೆ. "ಆ ಕಾಲ ಹಂಗಿತ್ತು ಬುಡಿ ಅಣ್ಣ" ಎಂದರು. ಅಷ್ಟಕ್ಕೇ ಬಿಟ್ಟೆವು.

ಸೇದುವುದು ಕೆಟ್ಟದ್ದು ಎಂಬ ಸುದ್ದಿ ಜಗತ್ತಿಗೆ ತಿಳಿದದ್ದು ಹೇಗೆ, ಅದು ಯಾರಿಗೆ ಮೊದಲು ಮುಟ್ಟಿತು ಎಂಬುದು ಈ ಚರಿತ್ರೆಯ ಮುಖ್ಯ ಭಾಗ. 1948ರ ಸುಮಾರಿಗೆ ಇಂಗ್ಲೆಂಡಿನ ಕಡೆ ಗಂಡಸರಲ್ಲಿ ನೂರಕ್ಕೆ 82 ಮಂದಿ ಯಾವುದಾದರೂ ಬಗೆಯ ಹೊಗೆ ಸೇದುತ್ತಿದ್ದರು. ಅದರಲ್ಲಿ ಬಡವ, ಬಲ್ಲಿದ ಎಂಬ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ, ಡಾಕ್ಟರುಗಳೂ ಸೇದುತ್ತಿದ್ದರು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ತೋರಿಸಿದರು. ಸಾವಿರಾರು ಡಾಕ್ಟರುಗಳಿಗೇ ಪತ್ರ ಬರೆದು, ಅವರಲ್ಲಿ ಸೇದುವವರು ಎಷ್ಟು, ಸತ್ತವರು ಎಷ್ಟು ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟರು. 1962ರಲ್ಲಿ ಅಲ್ಲಿನ ವೈದ್ಯರ ಸಂಸ್ಥೆ, 1964ರಲ್ಲಿ ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ವರದಿ ಕೊಟ್ಟರು. ಮೊದಲು ಬಿಟ್ಟವರು ಡಾಕ್ಟರುಗಳು. ಆಮೇಲೆ ಓದಿದವರು, ಅನುಕೂಲಸ್ಥರು. ಗಣಿಯವರು, ಕಾರ್ಖಾನೆಯವರು ಸೇದುತ್ತಲೇ ಉಳಿದರು. ಈಗ ಅಲ್ಲಿ ಒಟ್ಟು ಸೇದುವವರು ಬಹಳ ಇಳಿದಿದ್ದರೂ ಉಳಿದಿರುವವರಲ್ಲಿ ಕೂಲಿ ಕೆಲಸದವರ ಪಾಲೇ ಹೆಚ್ಚು. 2006ರಲ್ಲಿ ಪ್ರಭಾತ್ ಝಾ ಎಂಬ ವೈದ್ಯರೂ ಅವರ ಜೊತೆಯವರೂ ಇಂಗ್ಲೆಂಡ್, ಪೋಲೆಂಡ್, ಅಮೆರಿಕ, ಕೆನಡಾಗಳ ಲೆಕ್ಕ ತೆಗೆದು, ಮಧ್ಯವಯಸ್ಸಿನ ಗಂಡಸರಲ್ಲಿ ಬಡವರು ಶ್ರೀಮಂತರಿಗಿಂತ ಹೆಚ್ಚಾಗಿ ಸಾಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯದ್ದೇ ಎಂದು ತೋರಿಸಿದರು. ಸೇದಲು ಶುರುಮಾಡುವುದರಲ್ಲಿ ಮೇಲಿನವರು ಮುಂದು, ಬಿಡುವುದರಲ್ಲೂ ಮೇಲಿನವರೇ ಮುಂದು. ಕೆಳಗಿನವರಿಗೆ ಎರಡೂ ತಡ.

ನಮ್ಮ ದೇಶದಲ್ಲಿ ಏನಾಯಿತು? 1975ರಲ್ಲಿ ಕಾನೂನು ಮಾಡಿ ಸಿಗರೇಟ್ ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಿಸಿದರು. ಸಿಗರೇಟು ಸೇದುವುದು ಆರೋಗ್ಯಕ್ಕೆ ಹಾನಿಕರ ಎಂಬುದು ಅದರ ಅರ್ಥ. ಆ ಕಾನೂನು ಬೀಡಿಗೆ ಅನ್ವಯಿಸಲಿಲ್ಲ. ದೇಶದಲ್ಲಿ ಹೆಚ್ಚು ಮಂದಿ ಸೇದುವುದು ಬೀಡಿ, ಎಚ್ಚರಿಕೆ ಬರೆದದ್ದು ಸಿಗರೇಟಿನ ಮೇಲೆ. ನಮ್ಮೂರಿಗೆ ಬರುತ್ತಿದ್ದ ಪ್ಯಾಕಿನಲ್ಲಿ ಅದೂ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಹೈಸ್ಕೂಲಿಗೆ ಹೋಗುತ್ತಿದ್ದಾಗ ನಾನು ಅದನ್ನು ಅಕ್ಷರ ಕೂಡಿಸಿ ಓದಿ ಅರ್ಥ ಹೇಳಿದ್ದಕ್ಕೆ ನಮ್ಮಪ್ಪ, "ನೋಡ್ದಾ, ಸಿಗರೇಟು ಅಂತ ಬರ್ದವ್ರೆ. ಬೀಡಿ ಅಂತ ಎಲ್ಲಿ ಬರ್ದವ್ರೆ? ಇದು ಎಲೆ ಕಣಪ್ಪ, ಏನೂ ಮಾಡಾಕಿಲ್ಲ" ಎಂದರು. ಅವರದ್ದು ತಪ್ಪು ಎಂದು ಹೇಗೆ ಹೇಳಲಿ? ಸರ್ಕಾರದ ಕಾನೂನೇ ಹಾಗಿತ್ತು. ನಿಜ ಸಂಗತಿ ಬೇರೆ. ಬೀಡಿಯ ಎಲೆ ತಾನಾಗಿ ಉರಿಯುವುದಿಲ್ಲ, ಆರಬಾರದೆಂದು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹಾಗಾಗಿ ಒಳಗೆ ಹೋಗುವ ವಿಷ ಸಿಗರೇಟಿಗಿಂತ ಕಡಿಮೆ ಏನಲ್ಲ. ಬೀಡಿಗೂ ಸೇರಿ ಕಾನೂನು ಆದದ್ದು 2003ರಲ್ಲಿ. ಮೂವತ್ತು ವರ್ಷದ ಹತ್ತಿರ ಹತ್ತಿರ ತಡ.

ನಮ್ಮಪ್ಪ ತೀರಿಕೊಂಡದ್ದೂ ಅದೇ 2003ರಲ್ಲಿ. ಐವತ್ತೇಳು ವಯಸ್ಸು. ಮೊದಲು ಕ್ಷಯ ಆಯಿತು, ಆರು ತಿಂಗಳು ಮಾತ್ರೆ ನುಂಗಿ ವಾಸಿ ಮಾಡಿಕೊಂಡರು. ಎರಡು ವರ್ಷಕ್ಕೆ ಮತ್ತೆ ಬಂತು. ಮನೆ ಮುಂದಿನ ಕಟ್ಟೆಯಿಂದ ಹಟ್ಟಿವರೆಗೆ ನಡೆದರೆ ಏದುಸಿರು. ಡಾಕ್ಟರು ದಿನಕ್ಕೆ ಎಷ್ಟು ಬೀಡಿ ಎಂದು ಕೇಳಿದಾಗ ನಮ್ಮಪ್ಪ ಲೆಕ್ಕ ಇಟ್ಟಿಲ್ಲ ಸ್ವಾಮಿ ಎಂದರು. ನಾನು ಲೆಕ್ಕ ಹೇಳಿದೆ, ಯಾಕೆಂದರೆ ಅಂಗಡಿಯಿಂದ ತರುತ್ತಿದ್ದವನು ನಾನೇ. ಆಗ ಕ್ಷಯಕ್ಕೂ ಬೀಡಿಗೂ ಸಂಬಂಧ ಇದೆ ಎಂದು ನಮಗೆ ಗೊತ್ತಿರಲಿಲ್ಲ. ಚೆನ್ನೈ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಒಂದು ಅಧ್ಯಯನ 2003ರಲ್ಲೇ ಹೊರಬಂದು, ಕ್ಷಯದಿಂದ ಸಾಯುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಸಾವಿಗೆ ಹೊಗೆಯೇ ಕಾರಣ ಎಂದಿತ್ತು. 2008ರಲ್ಲಿ ಮೇಲೆ ಹೇಳಿದ ಝಾ ಅವರ ತಂಡವೇ ನಮ್ಮ ದೇಶದ 11 ಲಕ್ಷ ಮನೆಗಳ ವಿಚಾರಣೆ ಆಧಾರದ ಮೇಲೆ ವರದಿ ಮಾಡಿತು. 30ರಿಂದ 69 ವಯಸ್ಸಿನೊಳಗೆ ಸಾಯುವ ಗಂಡಸರಲ್ಲಿ ಐವರಿಗೊಬ್ಬರ ಸಾವು ಹೊಗೆಯಿಂದ. ಬೀಡಿ ಸೇದುವ ಗಂಡಸು ಸುಮಾರು 6 ವರ್ಷ, ಬೀಡಿ ಸೇದುವ ಹೆಂಗಸು ಸುಮಾರು 8 ವರ್ಷ, ಸಿಗರೇಟು ಸೇದುವ ಗಂಡಸು ಸುಮಾರು 10 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. ಸಿಗರೇಟಿಗೇ ಹೆಚ್ಚಲ್ಲವೆ ಎಂದು ಯಾರಾದರೂ ಬೀಡಿ ಪರ ವಾದಿಸಬಹುದು. 6 ವರ್ಷವೆಂದರೆ ಒಂದು ಮಗಳ ಮದುವೆ, ಒಂದು ಮೊಮ್ಮಗುವಿನ ನಾಮಕರಣ. ನನ್ನ ಮಗಳನ್ನು ನಮ್ಮಪ್ಪ ನೋಡಲಿಲ್ಲ.

ನಾನೂ ಸೇದಿದವನು, ಮುಚ್ಚಿಡುವುದಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಬ್ಯಾರನ್ ಕಾಯುವ ರಾತ್ರಿ ಶುರುವಾಯಿತು. ಬಿಟ್ಟದ್ದು 2009ರಲ್ಲಿ. ಹೇಗೆ ಬಿಟ್ಟೆ ಎಂದು ಕೇಳುತ್ತಾರೆ. ಎರಡು ಸಲ ಬಿಟ್ಟು ಮತ್ತೆ ಹಿಡಿದೆ, ಮೂರನೇ ಸಲ ನಿಂತಿತು. ಅಷ್ಟೇ.

ಈಚಿನ ಲೆಕ್ಕ ನೋಡೋಣ. ದೇಶದಲ್ಲಿ ವಯಸ್ಕರ ತಂಬಾಕು ಬಳಕೆಯ ದೊಡ್ಡ ಸಮೀಕ್ಷೆ ಎರಡು ಸಲ ಆಗಿದೆ, 2009-10ರಲ್ಲಿ ಮತ್ತು 2016-17ರಲ್ಲಿ. ಸೇದುವವರು ನೂರಕ್ಕೆ 14 ಇದ್ದವರು 10.7ಕ್ಕೆ ಇಳಿದರು. ಎರಡನೇ ಸಮೀಕ್ಷೆಯಲ್ಲಿ ಗಂಡಸರಲ್ಲಿ ನೂರಕ್ಕೆ 19, ಹೆಂಗಸರಲ್ಲಿ 2. ಹಳ್ಳಿಗಳಲ್ಲಿ 11.9, ಪೇಟೆಗಳಲ್ಲಿ 8.3. ಬೀಡಿಯವರು 7.7, ಸಿಗರೇಟಿನವರು 4. ನಮ್ಮ ಕರ್ನಾಟಕದಲ್ಲಿ ಸೇದುವುದು, ಅಗಿಯುವುದು ಎಲ್ಲ ಸೇರಿ ತಂಬಾಕು ಬಳಸುವವರು 28.2ರಿಂದ 22.8ಕ್ಕೆ ಬಂದರು. ಇಳಿದಿರುವುದು ಸಂತೋಷವೇ. ಆದರೆ ಯಾವ ಸಮೀಕ್ಷೆ ತೆಗೆದು ನೋಡಿದರೂ, ಓದಿಲ್ಲದವರಲ್ಲಿ ಓದಿದವರಿಗಿಂತ, ಬಡವರಲ್ಲಿ ಉಳ್ಳವರಿಗಿಂತ ಬಳಕೆ ಬಹಳ ಹೆಚ್ಚು. ಸಿಗರೇಟಿನದ್ದು ಪೇಟೆಯ ಕಡೆ ವಾಲುತ್ತದೆ, ಬೀಡಿಯದ್ದು ಹಳ್ಳಿಯ ಕಡೆ, ಕೂಲಿಯ ಕಡೆ. ಹೆಂಗಸರು ಸೇದುವುದು 2 ಎಂದರೂ, ಮನೆಯೊಳಗೆ ಇನ್ನೊಬ್ಬರ ಹೊಗೆ ಕುಡಿಯುವ ವಯಸ್ಕರು ನೂರಕ್ಕೆ 38.7. 

ತೆರಿಗೆಯದ್ದೂ ಇದೇ ಹಾದಿ. ಸಿಗರೇಟಿನ ಮೇಲೆ ಹೆಚ್ಚು ಹಾಕುತ್ತಾರೆ, ಬೀಡಿ ಬಡವನದ್ದು, ಕಟ್ಟುವವರೂ ಬಡವರು ಎಂದು ಅದಕ್ಕೆ ಕಡಿಮೆ ಹಾಕುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಕೌನ್ಸಿಲ್ ಸಿಗರೇಟಿಗೆ ನೂರಕ್ಕೆ 40 ಎಂದೂ ಬೀಡಿಗೆ 28 ಇದ್ದದ್ದನ್ನು 18 ಎಂದೂ ತೀರ್ಮಾನಿಸಿತು. ಬೀಡಿ ಕಟ್ಟುವ ಅಕ್ಕಂದಿರಿಗೆ ಬೇರೆ ಕೆಲಸ ಕೊಡದೆ ಅವರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಬಡವನ ಮೇಲಿನ ಕರುಣೆ ಬಡವನಿಗೆ ಬೀಡಿಯನ್ನು ಅಗ್ಗ ಮಾಡಿಕೊಡುವುದರಲ್ಲೇ ಮುಗಿಯುತ್ತದಲ್ಲ, ಅದು ನನಗೆ ಅರ್ಥವಾಗದ ಲೆಕ್ಕ. ನಮ್ಮ ದೊಡ್ಡಪ್ಪನೂ ಕರುಣೆಯಿಂದಲೇ ಅರ್ಧ ಕಟ್ಟು ಕೊಡುತ್ತಿದ್ದರು.

ಕಾನೂನುಗಳು ಬಂದಿವೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಸೇದುವಂತಿಲ್ಲ. 2009ರಿಂದ ಪ್ಯಾಕಿನ ಮೇಲೆ ಚಿತ್ರ ಬಂತು, 2016ರಿಂದ ಪ್ಯಾಕಿನ ನೂರಕ್ಕೆ 85 ಭಾಗ ಎಚ್ಚರಿಕೆಯೇ ಇರಬೇಕೆಂದಾಯಿತು. ಅಕ್ಷರ ಬಾರದವನಿಗೂ ತಿಳಿಯಲಿ ಎಂದು ಮಾಡಿದ್ದು ಚಿತ್ರ, ಒಳ್ಳೆಯದೇ. ಆದರೆ ಬಡವನು ಪ್ಯಾಕು ಕೊಳ್ಳುವುದೆಲ್ಲಿ? ಅಂಗಡಿಯಲ್ಲಿ ಎರಡು ಬೀಡಿ, ಒಂದು ಸಿಗರೇಟು ಎಂದು ಬಿಡಿ ಕೊಳ್ಳುತ್ತಾನೆ. ಚಿತ್ರ ಅಂಗಡಿಯವನ ಡಬ್ಬಿಯೊಳಗೇ ಉಳಿಯುತ್ತದೆ. 2025ರಲ್ಲಿ ನಮ್ಮ ರಾಜ್ಯದಲ್ಲಿ ಇಪ್ಪತ್ತೊಂದು ವಯಸ್ಸಾಗದವರಿಗೆ ತಂಬಾಕು ಮಾರಬಾರದೆಂಬ ತಿದ್ದುಪಡಿಯೂ ಬಂತು. ಹಳ್ಳಿಯಲ್ಲಿ ವಯಸ್ಸು ಕೇಳಿ ಕೊಡುವ ಅಂಗಡಿಯನ್ನು ನಾನಿನ್ನೂ ಕಂಡಿಲ್ಲ.

ಕೊನೆಗೆ ನಮ್ಮ ಸಂಘದ್ದೇ ಒಂದು ಸಂಗತಿ. ಇದನ್ನು ಸಂಘದ ಚರಿತ್ರೆ ಬರೆದವರು ಬಿಟ್ಟಿದ್ದಾರೆ, ಸಣ್ಣ ವಿಷಯ ಎಂದಿರಬೇಕು. ಸಂಘದ ಮಳಿಗೆಯಲ್ಲಿ ಸಕ್ಕರೆ, ಸೋಪಿನ ಜೊತೆ ಬೀಡಿ ಕಟ್ಟು, ಬೆಂಕಿಪೊಟ್ಟಣವೂ ಇರುತ್ತಿತ್ತು. ಒಳ್ಳೆಯ ವ್ಯಾಪಾರ. 2012ರ ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯಲ್ಲಿ, ಶಾಲೆಯಿಂದ ನೂರು ಗಜದೊಳಗೆ ಮಾರುವುದು ಕಾನೂನಿಗೆ ವಿರುದ್ಧ, ನಮ್ಮ ಮಳಿಗೆ ಶಾಲೆಯ ಗೋಡೆಗೇ ಅಂಟಿಕೊಂಡಿದೆ, ನಿಲ್ಲಿಸೋಣ ಎಂದು ನಾನೇ ವಿಷಯ ತಂದೆ. ಗಲಾಟೆಯಾಯಿತು. ಮಳಿಗೆಗೆ ನಷ್ಟ ಎಂದರು ಕೆಲವರು. ಆಗ ಹಿಂದಿನ ಸಾಲಿನಿಂದ ಕೂಲಿ ಮಾಡುವ ಒಬ್ಬ ಹಿರಿಯ ಸದಸ್ಯರು ಎದ್ದು, "ನೀವು ಹೊಗೆಸೊಪ್ಪು ಬೆಳೆದು ಲಕ್ಸ ಲಕ್ಸ ತಗಳಿ, ಸಾಲಾನೂ ಸಂಘದಿಂದ್ಲೇ ಈಸ್ಕಳಿ. ನಾವು ಎಳ್ಡು ಬೀಡಿ ಸೇದುದ್ರೆ ಕಾನೂನಾ?" ಎಂದು ಕೇಳಿದರು. ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ. ಕೈ ಎತ್ತಿಸಿದಾಗ ಸ್ವಲ್ಪ ಮತದಲ್ಲಿ ಠರಾವು ಪಾಸಾಯಿತು. ಮಳಿಗೆಯಲ್ಲಿ ಬೀಡಿ ನಿಂತಿತು.

ಒಂದು ವಾರದಲ್ಲಿ ಅದೇ ಬೀದಿಯ ಆ ಕೊನೆಗೆ ಒಂದು ಪೆಟ್ಟಿಗೆ ಅಂಗಡಿ ಎದ್ದಿತು. ನೂರು ಗಜದ ಆಚೆಗಿದೆಯೇ ಎಂದು ಶಾಲೆಯ ಗೇಟಿನಿಂದ ಹಗ್ಗ ಹಿಡಿದು ಅಳೆದೆವು, ನಾಲ್ಕು ಗಜ ಆಚೆಗಿತ್ತು. ಅಳತೆ ಮುಗಿಸಿ ನಾನು ಮನೆಗೆ ಓಡಬೇಕಾಯಿತು. ಆವತ್ತು ನಮ್ಮ ಬ್ಯಾರನ್‌ನಲ್ಲಿ ಸೊಪ್ಪು ಬೇಯುತ್ತಿತ್ತು, ಸೌದೆ ಹಾಕಲು ಆಳು ಬಂದಿರಲಿಲ್ಲ.